ಹದಿನೇಳನೆಯ ತೂತು

ಪ್ರತಿ ಡಿಸೆಂಬರಿನಲ್ಲಿ ವಾರ್ಡನ್ ಓಡೀಲ್ ಮಿಶೋ
ಪಿಕಪ್ಪಿನ ಹಿಂದೆ, ಟಾರ್ಪಾಲಿನಡಿ,
ನಾಲ್ಕೂ ಕಾಲು ಆಕಾಶಕ್ಕೆ ಮಾಡಿಸಿ ತರುತ್ತಾಳೆ
ಸರ್ಕಾರದ ಜಿಂಕೆಯನ್ನು.

ಒಳಗೆ ಫೋಮು. ಕತ್ತಿನಲ್ಲೊಂದು ಮೋಟಾರು.
ಬಾಲಕ್ಕೆ ತಂತಿ.
ಕಣ್ಣ ಜಾಗದಲ್ಲಿ, ಬೆಳಕು ಬಿದ್ದರೆ ಮಿನುಗುವ
ಟೇಪಿನ ಎರಡು ಚೂರು.
ಚರ್ಮ ಮಾತ್ರ ನಿಜದ್ದು,
ಮರದ ಲಾರಿಗೆ ಸಿಕ್ಕಿ ಸತ್ತ ಯಾವುದೋ ಗಂಡಿನದು.

"ಲೆಯೋನ್ಸ್, ಈ ಸಲ ಐದು," ಅನ್ನುತ್ತಾಳೆ
ಕೈಗವಸು ಕಳಚದೆ.
ನಾನು ಎಣಿಸುತ್ತೇನೆ. ಆರು.
ಕಿವಿಯದೊಂದು ಅವಳ ಲೆಕ್ಕದಲ್ಲಿಲ್ಲ.
ಯಾರೋ ಹೊಡೆದು
ಮನೆಗೆ ಹೋಗಿ ಮಲಗಿದ್ದಾನೆ.

ಸತ್ತದ್ದನ್ನು ಬದುಕಿದಂತೆ ನಿಲ್ಲಿಸುವುದು ನನ್ನ ಕಸುಬು.
ಮೂಸ್, ಕರಡಿ, ಒಮ್ಮೆ ಪಾದ್ರಿಯ ಬೆಕ್ಕು.
ಆದರೆ ಇದು, ಎಂದೂ ಹುಟ್ಟದ್ದನ್ನು
ವರ್ಷಕ್ಕೊಮ್ಮೆ ಬದುಕಿಸುವುದು.
ತೂತಿಗೆ ಫೋಮು ತುಂಬಿ, ಒಳಹೊಲಿಗೆ ಹಾಕಿ,
ಕೂದಲು ಬಾಚಿ ಗಾಯ ಮರೆಸುವುದು.
ತೂತೊಂದಕ್ಕೆ ಹನ್ನೆರಡು ಡಾಲರು.

ಉಳಿದದ್ದು ಅವಳ ಕೆಲಸ:
ಆಲೂಗಡ್ಡೆ ಅಗೆದು ಬರಿದಾದ ಹೊಲದಂಚು, ನವೆಂಬರದ ರಾತ್ರಿ,
ನದಿಯಾಚೆ ಕೆನಡಾದ ನಾಲ್ಕು ದೀಪ.
ಪೊದೆಯಲ್ಲಿ ಅವಳು, ಥರ್ಮಾಸು, ಮಕ್ಕಳಾಟಿಕೆಯಂಥ ರಿಮೋಟು.
ಟ್ರಕ್ಕೊಂದು ನಿಧಾನವಾಗುತ್ತದೆ.
ಕಿಟಕಿ ಇಳಿಯುತ್ತದೆ.
ಬೆಳಕಿನ ಕೋಲು ಕುರುಡನ ಹಾಗೆ ಹೊಲ ತಡವುತ್ತದೆ.
ಅವಳು ಗುಂಡಿ ಒತ್ತುತ್ತಾಳೆ.
ಜಿಂಕೆ ಕತ್ತು ತಿರುಗಿಸಿ ನೋಡುತ್ತದೆ.
ಅಷ್ಟೆ.

ಶಾಲೆ ಬಸ್ಸಿನ ಡ್ರೈವರು ನಾಲ್ಕು ಗುಂಡು ಹೊಡೆದ.
"ಬೀಳಲಿಲ್ಲವಲ್ಲ, ಬೀಳಲೇ ಇಲ್ಲವಲ್ಲ" ಎಂದು
ಬೇಡಿ ಹಾಕುವಾಗಲೂ ಹಲುಬುತ್ತಿದ್ದನಂತೆ.
ವಕೀಲನೊಬ್ಬ ವಾದಿಸಿದ:
ಫೋಮಿಗೆ ಪ್ರಾಣವಿಲ್ಲ, ಇನ್ನು ಬೇಟೆ ಎಲ್ಲಿಂದ ಬಂತು?
ನ್ಯಾಯಾಧೀಶೆ ಕನ್ನಡಕದ ಮೇಲಿಂದ ಕೇಳಿದಳು:
ಅದು ನಿನ್ನ ಕಕ್ಷಿಗಾರನಿಗೆ ಗೊತ್ತಿತ್ತೆ?

ಈವರೆಗೆ ನಲವತ್ತೊಂದು.
ಎಲ್ಲ ಹೊಲಿದಿದ್ದೇನೆ, ಹದಿನೇಳನೆಯದೊಂದು ಬಿಟ್ಟು.

ಎಡ ಭುಜದ ಹಿಂದೆ, ಎರಡು ಬೆರಳು ಕೆಳಗೆ.
ಎಲ್ಲಿ ಬೀಳಬೇಕೋ ಅಲ್ಲೇ.
ಹಸಿವಿತ್ತೆಂದರೆ ಸುಳ್ಳಾಗುತ್ತದೆ. ಫ್ರೀಜರು ತುಂಬಿತ್ತು.
ಕುಡಿದಿರಲಿಲ್ಲ.
ಕಳೆದು ಹೋದ ನಾಯಿಯನ್ನು ಹುಡುಕುತ್ತ ಹೊರಟವನು.
ಟಾರ್ಚು ಇತ್ತು. ಸೀಟಿನ ಹಿಂದೆ ರೈಫಲು ಸದಾ ಇರುತ್ತಿತ್ತು.
ಅದು ಕತ್ತು ತಿರುಗಿಸಿತು.
ಎಷ್ಟು ಚಂದವಿತ್ತು ಅಂದರೆ,
ಹೇಗೆ ಹೇಳಲಿ, ಕೈ ನನ್ನನ್ನು ಕೇಳಲಿಲ್ಲ.

ನಾನೇ ಹೊಲಿದ ಚರ್ಮ.
ನಾನೇ, ನಾಲಗೆ ಕಚ್ಚಿಕೊಂಡು, ಅಂಟಿಸಿದ ಕಣ್ಣು.

ಓಡೀಲ್ ಪೊದೆಯಿಂದ ಎದ್ದು ಬಂದಳು.
ಬೆಳಕನ್ನು ಮುಖಕ್ಕೆ ಹಿಡಿಯಲಿಲ್ಲ, ಬೂಟಿಗೆ ಹಿಡಿದಳು.
ಬಹಳ ಹೊತ್ತು ಇಬ್ಬರೂ ಬೂಟು ನೋಡಿದೆವು.
"ಒಳ್ಳೆ ಕೆಲಸ ಮಾಡಿದ್ದೀಯ, ಲೆಯೋನ್ಸ್,"
ಊರಿನ ಫ್ರೆಂಚಿನಲ್ಲಿ ಹೊಗಳಿ,
ಇಂಗ್ಲಿಷಿನಲ್ಲಿ ಚೀಟಿ ಬರೆದಳು.

ಸಾವಿರ ಡಾಲರು. ಮೂರು ರಾತ್ರಿ ಜೈಲು.
ರೈಫಲು ಸರ್ಕಾರಕ್ಕೆ.
ನಾಯಿ ತಾನಾಗಿ ಮನೆಗೆ ಬಂದಿತ್ತು.
ಡಿಸೆಂಬರಿನಲ್ಲಿ ಯಥಾಪ್ರಕಾರ ಪಿಕಪ್ಪು, ಟಾರ್ಪಾಲು, ನಾಲ್ಕು ಕಾಲು.
ನನ್ನ ತೂತಿಗೂ ನಾನೇ ಬಿಲ್ಲು ಬರೆದೆ.
ಇಲಾಖೆ ಚೆಕ್ಕು ಕಳಿಸಿತು.
ಮಾಡದ ಕೆಲಸಕ್ಕೆ ನಾನು ಪಡೆದ ಹಣ ಅದೊಂದೇ.
ಆ ಲೆಕ್ಕದಲ್ಲಿ ನಾನಿನ್ನೂ ಸಿಕ್ಕಿಬಿದ್ದಿಲ್ಲ.

ಈಗ ಬೆಂಚಿನ ಮೇಲಿದೆ. ಹೊರಗೆ ಹಿಮ.
ಕಿವಿ ಮುಗಿಯಿತು. ಬ್ಯಾಟರಿ ಹಾಕಿ
ಕತ್ತು ತಿರುಗುತ್ತದೋ ಇಲ್ಲವೋ ನೋಡಬೇಕು.
ದೀಪ ಆರಿಸುತ್ತೇನೆ, ಟಾರ್ಚು ಹಿಡಿಯುತ್ತೇನೆ,
ಪರೀಕ್ಷೆ ಹಾಗೆಯೇ ಮಾಡಬೇಕು,
ಗುಂಡಿ ಒತ್ತುತ್ತೇನೆ.

ತಿರುಗುತ್ತದೆ.

ಎಪ್ಪತ್ತೆರಡರ ನನ್ನ ಬಲಗೈ
ಸೂಜಿ ಹಿಡಿದುಕೊಂಡೇ
ಮೆಲ್ಲಗೆ ಹೆಗಲಿಗೇರುತ್ತದೆ.