ಗಡಿಗೆರೆಯ ಮೇಲಿನ ಗುಂಡಿ

ಆ ಗೆರೆ ಎಳೆದವರು ಗಾಡಿ ಕಟ್ಟಿಕೊಂಡು ಬಂದಿದ್ದರಂತೆ,
ಅರ್ಧ ಮೈಲಿಗೊಂದು ಕೆಂಪುಕಲ್ಲು ನೆಟ್ಟು ಹೋದರು.
ಉತ್ತರಕ್ಕೊಂದು ಡಕೋಟಾ, ದಕ್ಷಿಣಕ್ಕೊಂದು.
ನಡುವೆ ಈ ಗುಂಡಿ,
ಎರಡೂ ರಾಜ್ಯಕ್ಕೆ ಕಾಲು ಚಾಚಿ ಮಲಗಿದೆ.

ನಕ್ಷೆಯಲ್ಲಿ ಮಾತ್ರ ಅದಕ್ಕೆ ಒಂದೇ ಕಾಲು.

ಉತ್ತರದವರು ವಿಮಾನ ಹಾರಿಸಿದ್ದು ಬರದ ವರ್ಷ, ಆಗಸ್ಟಿನಲ್ಲಿ,
ದಕ್ಷಿಣದವರು ಮೇ ತಿಂಗಳು, ಹಿಮ ಕರಗಿ ಮೋರಿ ತುಂಬಿದಾಗ.
ಹಾಗಾಗಿ ನನ್ನ ಪರದೆಯ ಮೇಲೆ ನೀಲಿ ಬಣ್ಣ
ಗಡಿಯವರೆಗೆ ಬಂದು
ಚಾಕುವಿನಲ್ಲಿ ಕೊಯ್ದ ಬ್ರೆಡ್ಡಿನ ಹಾಗೆ ನಿಂತುಬಿಡುತ್ತದೆ.
ಆಚೆ ಬರೀ ಗೋಧಿ.
ಬಾತು ಈಜುತ್ತ ಈಜುತ್ತ
ತೆನೆಗೆ ಹಣೆ ಚಚ್ಚಿಕೊಳ್ಳಬೇಕು.

ಇದನ್ನು ಕೂಡಿಸುವುದು ನನ್ನ ಉದ್ಯೋಗ.
ಹನ್ನೊಂದು ವರ್ಷದಿಂದ ಬಿಸ್ಮಾರ್ಕಿನ ಎರಡನೇ ಮಹಡಿಯಲ್ಲಿ ಕೂತು
ನೀರಿಗೆ ನೀರು ಹೊಲಿಯುತ್ತೇನೆ.

ಮಾರ್ಚಿನಲ್ಲಿ ಸಭೆ ಕರೆದರು:
ಎಲ್ಲರಿಗೂ ಒಂದೇ ಮಾನದಂಡ, ಎಲ್ಲರ ಮಾಹಿತಿ ಎಲ್ಲರಿಗೂ.
ಮೀನು-ಹಕ್ಕಿ ಇಲಾಖೆಗೆ ಗುಂಡಿಯೆಂದರೆ ಗೂಡು,
ಕೃಷಿಯವರಿಗೆ ಟ್ರ್ಯಾಕ್ಟರು ಹೂತ ಜಾಗ.
ಸೈನ್ಯದ ಎಂಜಿನಿಯರು ಅನುಮತಿ ಪತ್ರದ ನಮೂನೆ ತಂದಿದ್ದ.
ರಸ್ತೆಯವರು ಬಾಯಿ ತೆರೆದದ್ದು ಕೇಕಿಗೆ ಮಾತ್ರ.
ಎತ್ತು ಏರಿಗೆ, ಕೋಣ ನೀರಿಗೆ ಅನ್ನುತ್ತೇವಲ್ಲ,
ಇಲ್ಲಿ ತಕರಾರು ಅದಕ್ಕೂ ಹಿಂದಿನದು:
ಏರಿ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು?

ಅತಿ ಚಿಕ್ಕದು ಎಷ್ಟಿರಲಿ? ಅಧ್ಯಕ್ಷೆ ಡೆಲೋರಿಸ್ ಹುಬರ್ ಕೇಳಿದರು.
ಅರ್ಧ ಎಕರೆ.
ಅದಕ್ಕಿಂತ ಕಿರಿದನ್ನು ಬರೆಯುವುದು ಬೇಡ, ದುಬಾರಿ.
ಕೈಗಳು ಎದ್ದವು. ನನ್ನದೂ.
ಆ ರಾತ್ರಿ ಲೆಕ್ಕ ಹಾಕಿದೆ, ಒಂದೇ ಕೌಂಟಿಯಲ್ಲಿ
ಸಾವಿರದ ಏಳುನೂರ ಹನ್ನೆರಡು ಗುಂಡಿ
ಒಂದು ದಶಮಾಂಶ ಚುಕ್ಕೆಯಡಿ ಮುಚ್ಚಿಹೋಗಿದ್ದವು.

ಮುಗಿಯುವ ಹೊತ್ತಿಗೆ ಕೊನೆಯ ಕುರ್ಚಿಯಿಂದ ಲವಾನ್ ಎದ್ದಳು,
ಡಕೋಟಾ ಬುಡಕಟ್ಟಿನ ಭೂಮಿ ಕಚೇರಿಯವಳು.
ಅವರ ನೆಲ ಆ ಗೆರೆಗಿಂತ ಹಳೆಯದು, ಎರಡೂ ಬದಿಗಿದೆ.
"ನಮ್ಮ ನಕ್ಷೆಯಲ್ಲಿ ಆ ಗುಂಡಿ ಇಡಿಯಾಗೇ ಇದೆ," ಅಂದಳು.
"ಮೂವತ್ತು ವರ್ಷದಿಂದ. ನೀವು ಯಾರೂ ಕೇಳಲಿಲ್ಲ."
ಕೋಟು ಹಾಕಿಕೊಂಡಳು.

ಏಪ್ರಿಲಿನಲ್ಲಿ ಕೊರೆಕೋಲು ಹೊತ್ತು ಆರ್ವಿಲ್ ಕ್ವಾಮೆಯ ಹೊಲಕ್ಕೆ ಹೋದೆ.
ಮೊಳದಾಳದಲ್ಲಿ ಬೂದು ಮಣ್ಣು, ಕೊಳೆತ ಮೊಟ್ಟೆಯ ನಾತ.
ಮೂರು ವರ್ಷ ಒಣಗಿದ್ದರೂ ಮಣ್ಣು ಸುಳ್ಳು ಹೇಳಿರಲಿಲ್ಲ.
ಮುದುಕ ಬೇಲಿಗೆ ಒರಗಿ ನೋಡುತ್ತಿದ್ದ.
ಅವನ ಬಳಿ ಡೈರಿಗಳಿವೆ, ಬೀಜದ ಕಂಪನಿ ಪುಕ್ಕಟೆ ಕೊಟ್ಟವು,
ಒಂದೊಂದು ವಸಂತಕ್ಕೆ ಒಂದೊಂದು ಪುಟ:
ಮಂಜು ಬಿಟ್ಟ ದಿನ, ನೀರು ಬತ್ತಿದ ದಿನ.
ಸರಕಾರಕ್ಕೆ ಎಂದೂ ತೋರಿಸಿಲ್ಲ.
"ತೋರಿಸಿದರೆ ಬರೆದುಕೊಳ್ತೀರಿ. ಬರೆದುಕೊಂಡರೆ ಕಾಯಿದೆ ಮಾಡ್ತೀರಿ.
ಮೊದಲು ನಿನ್ನದು ತೋರಿಸು."

ತೋರಿಸಿದೆ.
ಅರ್ಧ ಗುಂಡಿ ನೋಡಿ ನಕ್ಕ,
ಕೆಮ್ಮು ಬರುವವರೆಗೆ ನಕ್ಕ,
ಕಣ್ಣೊರೆಸಿಕೊಂಡು ಒಂದೇ ಒಂದು ಪುಟ ಓದಿದ.
ಕೈಗೆ ಕೊಡಲಿಲ್ಲ.

ಇಂದು ಲವಾನಳ ಕಡತ ಬಂತು. ನಾನು ಫೋನು ಮಾಡಿ ಕೇಳಿದ್ದೆ,
ಕೇಳಲು ಎರಡು ನಿಮಿಷ ಹಿಡಿಯಿತು.
ಗುಂಡಿಗೆ ಎರಡನೆಯ ಕಾಲು ಬಂತು.
ಸಂಕೇತ, ವಿಸ್ತೀರ್ಣ, ಮೂಲ, ಎಲ್ಲ ಅಂಕಣ ತುಂಬಿದೆ.
ಆರ್ವಿಲ್ ಓದಿದ್ದಕ್ಕೆ ಅಂಕಣವಿಲ್ಲ.
ಷರಾದಲ್ಲಿ ಹಾಕಿದೆ. ಅಲ್ಲಿ ಎಂಬತ್ತು ಅಕ್ಷರಕ್ಕೆ ಮಾತ್ರ ಜಾಗ:

ಮೇ ಆರು, ಅರವತ್ತೊಂಬತ್ತು. ನೀರು ಗಡಿಕಲ್ಲಿನ ಕುತ್ತಿಗೆಗೆ.
ಬಾತು ಎರಡು ಜೋಡಿ. ಸಿಗ್ನೆ ಇವತ್ತು ಹಾಸಿಗೆಯಿಂದೆದ್ದು ಕಿಟ