ಹಿಂದಿನವರ ಹಿಟ್ಟು

ಒಂದು ಗಂಟೆಗೆ ಬರುತ್ತೇನೆ ಅಂದಿದ್ದಳು.
ಸಾಲಗಾಮೆ ರಸ್ತೆಯ ಬಿಸಿಲಿಗೆ ಗಿರಣಿ ಬಾಗಿಲು ತೆರೆದಿಟ್ಟು
ಊಟಕ್ಕೂ ಏಳದೆ ಕಾದೆ.
ಕಲ್ಲು ಕುಟ್ಟುವವನನ್ನೂ ನಾಳೆ ಬಾರಪ್ಪ ಎಂದು ಕಳಿಸಿದೆ.
ಬರಲಿಲ್ಲ.

ಮಾರನೆ ದಿನ ಪಕ್ಕದ ಜೆರಾಕ್ಸಿನ ತಬಸ್ಸುಮ್
ಇಬ್ಬರ ನಡುವೆ ನಿಂತು ಬಿಡಿಸಿ ಹೇಳಿದಳು:
ಬಂದಿದ್ದಳಂತೆ ಅಕ್ಕಾ, ಬೆಳಗ್ಗೆ ಏಳಕ್ಕೆ.
ಇಥಿಯೋಪಿಯಾದಲ್ಲಿ ಹೊತ್ತು ಹುಟ್ಟಿದ ಮೇಲಿನ ಮೊದಲ ಗಂಟೆಗೆ
ಒಂದು ಅಂತಲೇ ಹೆಸರಂತೆ.

ತಪ್ಪೇನಿದೆ ಅನ್ನಿಸಿತು. ನಮ್ಮಜ್ಜಿಯೂ
ಹೊತ್ತು ಹುಟ್ಟಿ ಇಷ್ಟು ಗಳಿಗೆ ಎಂದೇ ಎಣಿಸುತ್ತಿದ್ದಳು
ಗೋಡೆಗೆ ಗಡಿಯಾರ ಬಂದು ಲೆಕ್ಕ ಕೆಡಿಸುವವರೆಗೆ.

ಹೆಸರು ಜೆನೆಬೆಚ್. ಹಾಗೆಂದರೆ
ಸುರಿದಳು, ಮಳೆಯ ಹಾಗೆ.
ಹೆಣ್ಣಿಗೆ ಮಳೆಯ ಹೆಸರೇ, ಎಂದೆ.
ಸ್ವಾತಿ, ರೋಹಿಣಿ ಇಲ್ಲವಾ, ಎಂದಳು ತಬಸ್ಸುಮ್.
ಅವು ನಕ್ಷತ್ರ ಕಣೇ.
ಮಳೆ ಅಲ್ಲವಾ?
ನಾನು ಬೆಲ್ಟು ಏರಿಸಿದೆ.

ಕಾಫಿ ನಿಮ್ಮೂರಿಂದಲೇ ಬಂದದ್ದಂತೆ ಎಂದು
ಕಾಲೇಜಿನಲ್ಲಿ ಎಲ್ಲರೂ ಕೇಳಿ ಅವಳಿಗೆ ಸಾಕಾಗಿತ್ತು.
ನಾನು ಕೇಳಲಿಲ್ಲ. ಅವಳೇ
ಚೀಲಕ್ಕೆ ಕೈ ಹಾಕಿ ಒಂದು ಹಿಡಿ ರಾಗಿ ತೆಗೆದು
ದಗುಸಾ, ಅಂದಳು,
ತವರಿನವರನ್ನು ಬಸ್‌ಸ್ಟ್ಯಾಂಡಿನಲ್ಲಿ ಕಂಡವಳ ಹಾಗೆ.
ಇದೂ ಅಲ್ಲಿಂದಲೇ ಹೊರಟದ್ದಂತೆ.
ಸುಮ್ಮನಿರು ತಾಯಿ, ರಾಗಿ ನಮ್ಮದು ಎಂದೆ.
ವಾದ ಮಾಡಲಿಲ್ಲ, ನಕ್ಕಳು.
ಜಡೆಯಲ್ಲಿ ಹುಚ್ಚೆಳ್ಳಿನ ಹೂವಿತ್ತು,
ರಿಂಗ್ ರೋಡಿನಾಚೆ ಯಾರದೋ ಹೊಲದ ಅಕ್ಕಡಿ ಸಾಲಿನದು.
ಆ ದೇಶದ ಹೊಸ ವರ್ಷವೂ ಈಗಲೇ, ಇಂಥ ಹಳದಿಯಲ್ಲೇ,
ಶಿಲುಬೆ ಸಿಕ್ಕಿದ ಹಬ್ಬಕ್ಕೆ ಊರ ನಡುವೆ ಸೌದೆ ಒಟ್ಟಿ
ಬೆಂಕಿ ಹಚ್ಚುತ್ತಾರಂತೆ.
ಹುಚ್ಚೆಳ್ಳಿಗೆ ನುಗ್ ಅನ್ನುತ್ತಾರೆ. ಉಪವಾಸದ ಅಡುಗೆಗೆ ಅದರ ಎಣ್ಣೆ.

ಬುಧವಾರ, ಶುಕ್ರವಾರ ಅವಳ ಉಪವಾಸ.
ಹಾಲಿಲ್ಲ, ತುಪ್ಪವಿಲ್ಲ, ಮೊಟ್ಟೆ ಮಾಂಸ ಕೇಳಲೇಬೇಡಿ.
ಒಂಬತ್ತು ಗಂಟೆಯವರೆಗೆ ಬಾಯಿಗೆ ನೀರೂ ಇಲ್ಲ.
ಆ ಒಂಬತ್ತು ನನ್ನ ಮೂರು.
ನನ್ನದು ಸೋಮವಾರ, ಶನಿವಾರ.
ಇಬ್ಬರದೂ ಕೂಡಿಸಿದರೆ ವಾರಕ್ಕೆ ಮೂರೇ ದಿನ ಊಟ.

ಇಲ್ಲಿನ ಚರ್ಚು ಅವಳ ಪಂಥದ್ದಲ್ಲ.
ಭಾನುವಾರ ಅಂಚಿನ ಬಿಳಿ ಬಟ್ಟೆ ತಲೆಯ ಮೇಲೆ ಹೊದ್ದು
ಚಪ್ಪಲಿ ಬಿಟ್ಟು, ಗೇಟಿನ ಕಂಬಕ್ಕೆ ಮುತ್ತಿಟ್ಟು ನಿಂತದ್ದನ್ನು
ಸೊಪ್ಪಿನ ಗಾಡಿಯವಳು ನೋಡಿ ಬಂದು ಹೇಳಿದಳು.
ಒಳಗೆ ಹೋಗಬಾರದೇನೆ, ಎಂದೆ.
ಹೊರಗೂ ಕೇಳಿಸುತ್ತದೆ, ಎಂದಳು.
ಅವಳ ಊರ ಗುಡಿಯೊಳಗೆ ಒಂದು ಹಲಗೆ ಇದೆ, ದೇವರ ಮಾತು ಕೊರೆದದ್ದು.
ಪೂಜಾರಿ ಬಿಟ್ಟು ಯಾರೂ ಕಂಡವರಿಲ್ಲ.
ಹಬ್ಬಕ್ಕೆ ಹೊರಗೆ ಬಂದರೂ ಜರಿ ಬಟ್ಟೆ ಸುತ್ತಿಯೇ
ತಲೆಯ ಮೇಲೆ ಹೊತ್ತು ನೀರಿನ ದಂಡೆಗೆ ಹೋಗುತ್ತದೆ.
ನಮ್ಮೂರ ತಾಯಿಯೂ ವರ್ಷಕ್ಕೊಮ್ಮೆ ಬಾಗಿಲು ತೆಗೆಯುವವಳು,
ಮುಚ್ಚಿದ ಮೇಲೂ ದೀಪ ಒಳಗೇ ಉರಿಯುತ್ತದಂತೆ ಎಂದೆ.
ಹೋದ ವರ್ಷದ ಬಾಡಿಗೆದಾರ ಹುಡುಗ
ನೋಡಿದವರಾರು ಎಂದು ಕೇಳಿದ್ದ.
ಇವಳು ಕೇಳಲಿಲ್ಲ. ಎಣ್ಣೆ ಯಾವುದು, ಎಂದಳು.

ನನ್ನ ಮುಂಚೆ ಯಾರದು ಬೀಸಿದಿರಿ?
ಜವರಾಯಿಯ ಜೋಳ.
ಗಿರಣಿಯಲ್ಲಿ ಯಾರ ಹಿಟ್ಟೂ ಪೂರ್ತಿ ಅವರದಲ್ಲ ಮಗಳೇ,
ಹಿಂದಿನವರದೊಂದು ಹಿಡಿ ಬಟ್ಟೆಯ ತೋಳಿನಲ್ಲಿ ಕೂತೇ ಇರುತ್ತದೆ.
ಬೇಡವೆಂದರೆ ನಿನ್ನದೇ ಒಂದು ಹಿಡಿ ಬೀಸಿ ಚೆಲ್ಲುತ್ತೇನೆ.
ಚೆಲ್ಲಬೇಡಿ, ಎಂದು ತೋಳನ್ನು ತಾನೇ ತಟ್ಟಿದಳು.
ರೆಪ್ಪೆಯೆಲ್ಲ ಬಿಳಿಯಾಯಿತು.

ಮೂರು ದಿನ ಹುಳಿ ಬರಿಸಿ ನನ್ನ ಹಂಚಿನಲ್ಲೇ ಹುಯ್ದಳು.
ಮೈತುಂಬ ಕಣ್ಣು ಬಿಟ್ಟ ಕಂದು ರೊಟ್ಟಿ.
ಹುಳಿ ಜಾಸ್ತಿಯಾಯಿತು, ಸುಳ್ಳು ಹೇಳಲಾರೆ.
ಹುಚ್ಚೆಳ್ಳು ಚಟ್ನಿಪುಡಿ ಉದುರಿಸಿಕೊಂಡು
ಎರಡು ತಿಂದೆ.

ಮತ್ತೆ ಯಾವಾಗ?
ನಾಳೆ ಒಂದಕ್ಕೆ.
ಆರೂವರೆಗೇ ಎದ್ದು ಬಂದು ಬಾಗಿಲು ತೆಗೆದು
ಮೆಟ್ಟಿಲಿಗೆ ನೀರು ಹಾಕಿ ಕೂತೆ.
ಹಾಲಿನವನು ಹೋದ, ಶಾಲೆ ಆಟೋ ಹೋಯಿತು,
ತಬಸ್ಸುಮ್ ಬಂದು ಶಟರು ಎತ್ತಿದಳು.
ಅಷ್ಟರಲ್ಲಿ ನನ್ನ ಗಡಿಯಾರ ಕಲಿತಿದ್ದಳು ಅವಳು.
ಮಧ್ಯಾಹ್ನ ಬಂದಳು.