ಹನ್ನೊಂದನೇ ನಂಬರಿನ ಟ್ರಾಮಿನಲ್ಲಿ

ಮೊದಲು 'ಲೂದ್ಜು' ಕಲಿ, ಮೋಂತಾ.
ದಯವಿಟ್ಟು ಅನ್ನಲೂ ಅದೇ, ತಗೊಳ್ಳಿ ಅನ್ನಲೂ ಅದೇ,
ಕಿವಿಗೆ ಬೀಳದಿದ್ದರೆ ಏನಂದಿರಿ ಅನ್ನಲೂ ಅದೇ.
ಒಂದು ಕಾಸಿಗೆ ಮೂರು ಸಾಮಾನು.

ಐರ್ಲೆಂಡಿನಲ್ಲಿ ಅಣಬೆ ಕೊಯ್ಯುತ್ತ ನಿಮ್ಮಮ್ಮ
ನಿನಗೆ ಕಲಿಸಿದ್ದು ಉಣ್ಣುವ ಮಾತು, ಬೈಯುವ ಮಾತು.
ರೀಗಾದ ಈ ಒಂದು ವಾರಕ್ಕೆ ಅಷ್ಟು ಸಾಲದು.

'ರಿಂದ' ಅಂದರೆ ಸಾಲು.
ಶೌಚಾಲಯದ ಮುಂದಿನದು ರಿಂದ,
ಆಲ್ಟೊಗಳ ನಡುವೆ ನಾನು ನಿಲ್ಲುವ ಹದಿನೇಳನೆಯದು ರಿಂದ,
ಹಾಡಿನಲ್ಲಿ ಪ್ರತಿ ಸಲ ನಾನು ಮರೆಯುವುದೂ ರಿಂದ.
ಮೂರರಲ್ಲೂ ಮುಂದೆ ನುಗ್ಗಬಾರದು.

'ಜುಪ': ಶಾಲೆಯ ಅಂಗಳ, ಪ್ಲಾಸ್ಟಿಕ್ ಬಟ್ಟಲು,
ಐದು ದಿನವೂ ಅದೇ ಸಾರು.
ಹುಳಿಕೆನೆ ಕೇಳಬೇಡ, ಮುಗಿದಿರುತ್ತದೆ.
ರಾತ್ರಿಗೆ ಮೂರನೇ ತರಗತಿಯ ಕೋಣೆ, ನೆಲದ ಮೇಲೆ ಹಾಸಿಗೆ,
ಗೋಡೆಯಲ್ಲಿ ಏಳರ ಮಗ್ಗಿ,
ಪಕ್ಕದಲ್ಲಿ ನಮ್ಮ ವಾಲ್ಮಿಯೆರದ ಸೊಪ್ರಾನೊ ಸ್ಕೈದ್ರೀತೆ.
ಅವಳ ಗೊರಕೆಗೆ ಯಾವ ಭಾಷೆಯಲ್ಲೂ ಪದವಿಲ್ಲ.

'ಲಿಯೆತುಸ್' ಮಳೆ.
ಕರೆಯಬೇಡ. ಅದೇ ಬರುತ್ತದೆ.

'ಬಲ್ಸ್' ಅಂದರೆ ದನಿ.
ಮತಪೆಟ್ಟಿಗೆಯಲ್ಲಿ ಹಾಕುತ್ತೇವಲ್ಲ, ಅದಕ್ಕೂ ಅದೇ ಹೆಸರು.
ನನ್ನಪ್ಪನ ಕಾಲಕ್ಕೆ ಪೆಟ್ಟಿಗೆಯೊಳಗಿನದು ಲೆಕ್ಕಕ್ಕಿರಲಿಲ್ಲ.
ಬೇಸ್‌ಗಳ ಹಿಂದೆಲ್ಲೋ ನಿಂತು
ಇನ್ನೊಂದನ್ನು ಜೋಪಾನ ಮಾಡಿದ,
ಗಂಟಲಿಗೆ ಉಣ್ಣೆಯ ಪಟ್ಟಿ ಸುತ್ತಿ, ಬೇಸಿಗೆಯಲ್ಲೂ.

'ಅತ್ಕಾರ್ತುವೊತ್' ಮತ್ತೊಮ್ಮೆ.
ಇದನ್ನು ಒಬ್ಬಳೇ ಹೇಳಿದರೆ ಕೆಮ್ಮಿದಂತೆ ಕೇಳುತ್ತದೆ,
ಪೈನ್ ಮರಗಳ ಕೆಳಗೆ ಸಾವಿರ ಸಾವಿರ ಜನ
ಒಟ್ಟಿಗೆ ಕೂಗಬೇಕು.
ಓಕ್ ಎಲೆಯ ಹಾರ ಕೊರಳಿಗೆ ಬಿದ್ದವನು
ಆಗದು ಎಂದು ಕೈಯಾಡಿಸಿ, ಬೆವರೊರೆಸಿಕೊಂಡು,
ಅರ್ಧ ಏಣಿ ಇಳಿದಿರುತ್ತಾನೆ.
ನೋಡುತ್ತಿರು, ಹತ್ತುತ್ತಾನೆ.

ಅಷ್ಟರಲ್ಲಿ ಒಬ್ಬ ಮುದುಕಿ,
ತಲೆಯಲ್ಲಿ ನೀಲಿ ಹೂವಿನ ದಂಡೆ, ಕಂಕುಳಲ್ಲಿ ಮಡಚುವ ಸ್ಟೂಲು,
ನಿನ್ನ ಪಕ್ಕದ ಸೀಟಿನತ್ತ ಗಲ್ಲ ತೋರಿ
'ಬ್ರೀವ್ಸ್?' ಅಂದಳು.

ನೀನು ನನ್ನತ್ತ ನೋಡಿದೆ.
ಇದನ್ನು ಹೇಳಿಕೊಡಲು ಮರೆತಿದ್ದೆ.
ಖಾಲಿ ಇದೆಯಾ ಅಂತ ಕೇಳುತ್ತಿದ್ದಾಳೆ, ಅಷ್ಟೇ.
ಖಾಲಿ, ಬಿಡುವು, ಬಿಡುಗಡೆ,
ಬೇರೆ ಬೇರೆ ಪದ ಮಾಡಿಕೊಳ್ಳಲು ನಮಗೆ
ಪುರುಸೊತ್ತಾಗಲಿಲ್ಲ.

ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡು
ಐರಿಶ್ ರಾಗದಲ್ಲಿ 'ಲೂದ್ಜು' ಅಂದೆ.
ಮುದುಕಿ ಅಲ್ಲಿಂದ ಶುರುಮಾಡಿದಳು,
ಮೊಣಕಾಲು, ಮೊಮ್ಮಗ, ಟಿಕೆಟ್ಟಿನ ಬೆಲೆ,
ಉಸಿರು ತೆಗೆಯದೆ ಕೊನೆಯ ನಿಲ್ದಾಣದ ತನಕ.
ನೀನು ತಲೆಯಾಡಿಸುತ್ತಲೇ ಇದ್ದೆ.
ಏನು ತಿಳಿಯಿತೋ.